ವಿಎಂ ಬೂಟ್ ಆಗ್ತಿಲ್ಲ, ಒಳಗಿರೋ ಫೈಲ್ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನ ಫೋನಲ್ಲಿ, ವಾಟ್ಸಾಪಲ್ಲಿ, ಒಂದ್ಸಲ ಮದುವೆ ಮನೆ ಊಟದ ಪಂಕ್ತಿಲೂ ನಂಗೆ ಕೇಳಿದಾರೆ. ಪ್ರತಿ ಸಲ ಮೊದಲಿಂದ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ವಿಎಂ ಅಂದ್ರೆ ವರ್ಚುವಲ್ ಮಷೀನ್, ನಿಮ್ಮ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡೋ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್, ವಿಎಂವೇರ್, ಹೈಪರ್-ವಿ, ಕೆವಿಎಂ, ವಿಂಡೋಸ್ ಒಳಗಿನ ಲಿನಕ್ಸ್ ಆದ ಡಬ್ಲ್ಯೂಎಸ್ಎಲ್, ಎಲ್ಲದಕ್ಕೂ ಒಂದಷ್ಟು ಇದೆ. ಅವಸರ ಇದ್ರೆ ಮೊದಲ ಎರಡು ಉತ್ತರ ಓದ್ಕೊಂಡು ಆಮೇಲೆ ನಿಮ್ಗೆ ಬೇಕಾದ ಪ್ರಶ್ನೆಗೆ ಹೋಗಿ, ಆದ್ರೆ ಆ ಎರಡನ್ನ ಮಾತ್ರ ಬಿಡ್ಬೇಡಿ.

ಪ್ರಶ್ನೆ: ವಿಎಂ ಆನ್ ಆಗ್ತಾನೇ ಇಲ್ಲ, ಕಪ್ಪು ಸ್ಕ್ರೀನ್ ಬಂದು ನಿಂತ್ಬಿಡತ್ತೆ. ನನ್ನ ಫೈಲ್‌ಗಳೆಲ್ಲ ಹೋದ್ವಾ?

ಬಹುತೇಕ ಇಲ್ಲ. ಬೂಟ್ ಆಗೋದು ಬೇರೆ, ಫೈಲ್ ಇರೋದು ಬೇರೆ. ನಿಮ್ಮ ವಿಎಂ ಅಂದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿರೋ ಒಂದು ದೊಡ್ಡ ಫೈಲು, ಅದೇ ಅದರ ಹಾರ್ಡ್ ಡಿಸ್ಕ್, ಅದರ ಜೊತೆ ಎಷ್ಟು ರ‍್ಯಾಮ್, ಯಾವ ನೆಟ್‌ವರ್ಕ್ ಅಂತೆಲ್ಲ ಬರೆದಿರೋ ಒಂದು ಪುಟ್ಟ ಸೆಟ್ಟಿಂಗ್ ಫೈಲು, ಅಷ್ಟೇ. ಬೂಟ್ ಆಗ್ಬೇಕಂದ್ರೆ ಬೂಟ್‌ಲೋಡರ್, ಕರ್ನಲ್, ಡ್ರೈವರ್ ಎಲ್ಲಾ ಸರಿಯಾಗಿ ಒಂದರ ಹಿಂದೆ ಒಂದು ನಡೀಬೇಕು, ಅದರಲ್ಲಿ ಒಂದು ಕೊಂಡಿ ತಪ್ಪಿದ್ರೂ ನಿಂತ್ಹೋಗತ್ತೆ. ಫೈಲ್ ಓದೋದಕ್ಕೆ ಅದ್ಯಾವ್ದೂ ಬೇಡ, ಆ ದೊಡ್ಡ ಫೈಲನ್ನ ಹೊರಗಿನಿಂದ ತೆರೆದ್ರೆ ಸಾಕು. ಮನೆ ಮುಂಬಾಗಿಲ ಬೀಗ ಕೆಟ್ಟಿದೆ ಅಂತ ಒಳಗಿನ ಪಾತ್ರೆ ಪಡಗ ಕಳೆದ್ಹೋಗಲ್ಲ, ಹಿತ್ತಲ ಬಾಗಿಲಿದೆ.

ಪ್ರಶ್ನೆ: ಸರಿ, ಮೊದಲು ಏನು ಮಾಡ್ಲಿ?

ಮತ್ತೆ ಮತ್ತೆ ಸ್ಟಾರ್ಟ್ ಬಟನ್ ಒತ್ತೋದು ನಿಲ್ಲಿಸಿ. ಪ್ರತಿ ಸಲ ಬೂಟ್ ಆಗೋಕೆ ಪ್ರಯತ್ನ ಪಟ್ಟಾಗ್ಲೂ ಒಳಗಿನ ಓಎಸ್ ಡಿಸ್ಕಿಗೆ ಏನಾದ್ರೂ ಬರೀತಾನೇ ಇರತ್ತೆ, ವಿಂಡೋಸ್ ಆದ್ರೆ ತಾನಾಗೇ ರಿಪೇರಿ ಶುರು ಮಾಡ್ಕೊಂಡು ಚೆಕ್‌ಡಿಸ್ಕ್ ಓಡಿಸಿ ಅರ್ಧಂಬರ್ಧ ಇರೋ ಫೈಲುಗಳನ್ನ ಚೂರು ಚೂರು ಮಾಡಿಡೋದೂ ಉಂಟು.

ಆಮೇಲೆ ವಿಎಂನ ಪೂರ್ತಿ ಫೋಲ್ಡರನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಬರೀ ಡಿಸ್ಕ್ ಫೈಲ್ ಅಲ್ಲ, ಪೂರ್ತಿ ಫೋಲ್ಡರ್, ಸ್ನ್ಯಾಪ್‌ಶಾಟ್ (ವಿಎಂನ ಒಂದು ಕ್ಷಣದ ಸ್ಥಿತಿ ಉಳಿಸಿಟ್ಟಿದ್ದು), ಲಾಗ್, ಎನ್‌ವಿರ‍್ಯಾಮ್ ಫೈಲ್ ಏನೇನಿದ್ಯೋ ಎಲ್ಲಾ. ಕಾಪಿ ಮಾಡೋಕೆ ಮುಂಚೆ ವಿಎಂ ಪೂರ್ತಿ ಪವರ್ ಆಫ್ ಆಗಿದೆ, ಸಾಫ್ಟ್‌ವೇರೂ ಕ್ಲೋಸ್ ಆಗಿದೆ ಅಂತ ನೋಡ್ಕೊಳ್ಳಿ. ಇಲ್ಲಿಂದ ಮುಂದೆ ಹೇಳೋ ಎಲ್ಲಾ ಕೆಲಸಾನೂ ಕಾಪಿ ಮೇಲೆ ಮಾಡಿ, ಮೂಲದ ಫೈಲನ್ನ ಮುಟ್ಟಲೇಬೇಡಿ. 80 ಜಿಬಿ ಫೈಲು ಕಾಪಿ ಆಗೋಕೆ ಹೊತ್ತು ಹಿಡಿಯತ್ತೆ ನಿಜ, ಎಕ್ಸ್‌ಟರ್ನಲ್ ಡ್ರೈವ್ ಇಲ್ಲ ಅಂದ್ರೆ ಪಕ್ಕದ ಮನೆಯವರ ಹತ್ರ ಕೇಳಿಯಾದ್ರೂ ತನ್ನಿ. ಈ ಒಂದು ಹೆಜ್ಜೆ ಬಿಟ್ಟವರನ್ನ ಸಾಕಷ್ಟು ಜನರನ್ನ ನೋಡಿದೀನಿ, ಮೊದಲ ಪ್ರಯತ್ನದಲ್ಲಿ ಏನೋ ಒಂದು ತಪ್ಪಾಗಿ ಎರಡನೇ ಪ್ರಯತ್ನಕ್ಕೆ ಕೈಯಲ್ಲಿ ಏನೂ ಉಳಿದಿರಲ್ಲ, ಅವರ ಮುಖ ನೋಡೋಕಾಗಲ್ಲ.

ಇನ್ನೊಂದು ಮುಖ್ಯ ವಿಷ್ಯ. ವಿಎಂ ಲಿಸ್ಟಿನಿಂದ ತೆಗೆದು ಮತ್ತೆ ಸೇರಿಸಿ ನೋಡೋಣ ಅಂತ ರಿಮೂವ್ ಒತ್ತಿದಾಗ ವರ್ಚುವಲ್‌ಬಾಕ್ಸ್ ‘ಫೈಲ್‌ಗಳನ್ನೂ ಡಿಲೀಟ್ ಮಾಡ್ಲಾ’ ಅಂತ ಕೇಳತ್ತೆ. ಅಲ್ಲಿ ಬರೀ ಲಿಸ್ಟಿನಿಂದ ತೆಗೆಯೋದನ್ನೇ ಆರಿಸಿ, ಇನ್ನೊಂದನ್ನ ಒತ್ತಿದ್ರೆ ಡಿಸ್ಕೇ ಹೋಗತ್ತೆ, ರಿಸೈಕಲ್ ಬಿನ್ನಲ್ಲೂ ಸಿಗಲ್ಲ.

ಪ್ರಶ್ನೆ: ಆ ಡಿಸ್ಕ್ ಫೈಲ್ ಎಲ್ಲಿರತ್ತೆ, ಹೇಗೆ ಗುರುತು ಹಿಡಿಯೋದು?

ದೊಡ್ಡದಾಗಿರೋದೇ ಗುರುತು. ವರ್ಚುವಲ್‌ಬಾಕ್ಸ್ ಆದ್ರೆ ನಿಮ್ಮ ಯೂಸರ್ ಫೋಲ್ಡರ್ ಒಳಗೆ ‘ವರ್ಚುವಲ್‌ಬಾಕ್ಸ್ ವಿಎಂಸ್’ ಅಂತಿರತ್ತೆ, ಅಲ್ಲಿ ವಿಡಿಐ ಎಕ್ಸ್‌ಟೆನ್ಶನ್ ನೋಡಿ. ವಿಎಂವೇರ್ ಆದ್ರೆ ಡಾಕ್ಯುಮೆಂಟ್ಸ್ ಒಳಗಿನ ‘ವರ್ಚುವಲ್ ಮಷೀನ್ಸ್’ನಲ್ಲಿ ವಿಎಂಡಿಕೆ, ಇದು ಕೆಲವು ಸಲ 2 ಜಿಬಿ 2 ಜಿಬಿ ತುಂಡುಗಳಾಗಿ ಇರತ್ತೆ, ಆಗ ಎಲ್ಲಾ ತುಂಡೂ ಬೇಕು, ಒಂದು ತುಂಡು ಬಿಟ್ಟುಹೋದ್ರೂ ತೆರೆಯಲ್ಲ. ಹೈಪರ್-ವಿದು ವಿಹೆಚ್‌ಡಿ ಅಥವಾ ವಿಹೆಚ್‌ಡಿಎಕ್ಸ್. ಲಿನಕ್ಸ್‌ನ ಕೆವಿಎಂ ಆದ್ರೆ ವಾರ್ ಫೋಲ್ಡರ್ ಒಳಗಿನ ಲಿಬ್‌ವರ್ಟ್ ಇಮೇಜಸ್‌ನಲ್ಲಿ ಕ್ಯೂಕೌ2. ವಿಎಂ ಒಳಗೆ ಡಿಸ್ಕ್ 100 ಜಿಬಿ ಅಂತ ತೋರಿಸ್ತಿತ್ತು, ಇಲ್ಲಿ ಫೈಲು ಬರೀ 37 ಜಿಬಿ ಇದೆ ಅಂತ ಗಾಬರಿ ಆಗ್ಬೇಡಿ, ಬಳಸಿದಷ್ಟೇ ಬೆಳೆಯೋ ತರ ಇರತ್ತೆ ಅದು.

ಪ್ರಶ್ನೆ: ಕೆಟ್ಟಿರೋದು ವಿಎಂ ಒಳಗಾ ಅಥವಾ ನನ್ನ ಕಂಪ್ಯೂಟರಲ್ಲಾ?

ಇದನ್ನ ಮೊದಲೇ ನೋಡ್ಕೊಂಡ್ರೆ ಎಷ್ಟೋ ಸಲ ಫೈಲ್ ತೆಗೆಯೋ ಪ್ರಮೇಯವೇ ಬರಲ್ಲ. ವಿಎಂ ಒಳಗಿನ ಯಾವ ಅಕ್ಷರವೂ ಕಾಣಿಸದೆ ಹೊರಗಡೆ ಡಬ್ಬಿಲೇ ಎರರ್ ಬಂದ್ರೆ ತಪ್ಪು ಹೊರಗಿದೆ.

ನಾನು ಜಾಸ್ತಿ ನೋಡಿರೋದು ಹೋಸ್ಟ್, ಅಂದ್ರೆ ವಿಎಂ ಓಡಿಸೋ ನಿಮ್ಮ ಅಸಲಿ ಕಂಪ್ಯೂಟರ್, ಅದರ ಡ್ರೈವ್ ತುಂಬಿಹೋಗಿರೋದು. ಸಿ ಡ್ರೈವಲ್ಲಿ ಜಾಗ ಸೊನ್ನೆ ಆದ್ರೆ ವರ್ಚುವಲ್‌ಬಾಕ್ಸ್ ವಿಎಂ ಅನ್ನ ಇದ್ದಲ್ಲೇ ತಡೆದು ನಿಲ್ಲಿಸ್ಬಿಡತ್ತೆ, ಜನ ಕಾಯ್ದು ಕಾಯ್ದು ಪವರ್ ಆಫ್ ಮಾಡ್ತಾರೆ. ಜಾಗ ಖಾಲಿ ಮಾಡಿದ್ರೆ ಎಷ್ಟೋ ಸಲ ಮುಂದುವರೀತದೆ. ವಿಟಿ-ಎಕ್ಸ್ (ವಿಎಂ ಓಡಿಸೋಕೆ ಪ್ರೊಸೆಸರಲ್ಲಿರೋ ಸೌಲಭ್ಯ) ಇಲ್ಲ ಅಂತ ಎರರ್ ಬಂದ್ರೆ ಸಾಮಾನ್ಯವಾಗಿ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಆಗಿದೆ, ಬಯಾಸ್ ಅಪ್‌ಡೇಟ್ ಆದ್ಮೇಲೆ ಹೀಗಾಗೋದುಂಟು. ಸೇವ್ಡ್ ಸ್ಟೇಟ್‌ನಿಂದ ಏಳ್ತಿಲ್ಲ ಅಂದ್ರೆ ಆ ಸ್ಟೇಟನ್ನ ಡಿಸ್ಕಾರ್ಡ್ ಮಾಡಿದ್ರೆ ಡಿಸ್ಕ್ ಹಾಗೇ ಉಳಿಯತ್ತೆ, ಆಗ ತೆರೆದಿಟ್ಟು ಸೇವ್ ಮಾಡದೇ ಇದ್ದ ಕೆಲಸ ಮಾತ್ರ ಹೋಗತ್ತೆ. ವರ್ಚುವಲ್‌ಬಾಕ್ಸ್ ಲಿಸ್ಟಿನಲ್ಲಿ ವಿಎಂ ‘ಇನ್‌ಆಕ್ಸೆಸಿಬಲ್’ ಅಂತ ತೋರಿಸಿದ್ರೆ ಹೆಚ್ಚಾಗಿ ಸೆಟ್ಟಿಂಗ್ ಫೈಲ್ ಹಾಳಾಗಿರತ್ತೆ, ಕರೆಂಟ್ ಹೋದಾಗ ಅದು 0 ಬೈಟ್ ಆಗ್ಬಿಡೋದನ್ನ ನೋಡಿದೀನಿ, ಅದೇ ಫೋಲ್ಡರಲ್ಲಿ ಹೆಸರಿನ ಕೊನೇಲಿ ‘ಪ್ರೆವ್’ ಅಂತಿರೋ ಹಿಂದಿನ ಪ್ರತಿ ಇರತ್ತೆ, ಅದನ್ನ ಕಾಪಿ ಮಾಡಿ ಹೆಸರು ಬದಲಿಸಿದ್ರೆ ಆಯ್ತು. ವಿಎಂವೇರಲ್ಲಿ ‘ಫೈಲ್ ಲಾಕ್ ಮಾಡೋಕಾಗ್ಲಿಲ್ಲ’ ಅಂದ್ರೆ ಎಲ್‌ಸಿಕೆ ಅನ್ನೋ ಕೊನೆ ಇರೋ ಫೋಲ್ಡರ್‌ಗಳು ಹಿಂದಿನ ಸಲದ್ದು ಉಳಿದಿವೆ, ವಿಎಂ ಎಲ್ಲೂ ಓಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ತೆಗೆದ್ಹಾಕಿ. ಹೊಸದಾಗಿ ವಿಎಂ ಮಾಡಿ ಹಳೇ ಡಿಸ್ಕ್ ಸೇರಿಸಿದಾಗ ಬೂಟ್ ಆಗ್ತಿಲ್ಲ ಅಂದ್ರೆ ವಿಎಂ ಸೆಟ್ಟಿಂಗಲ್ಲಿರೋ ಯುಇಎಫ್ಐ (ಬೂಟ್ ಆಗೋ ವಿಧಾನ) ಆಯ್ಕೆಯನ್ನ ಒಂದ್ಸಲ ಅದಲು ಬದಲು ಮಾಡಿ ನೋಡಿ.

ಪ್ರಶ್ನೆ: ನಂಗೆ ಕಮಾಂಡ್ ಎಲ್ಲಾ ಬರಲ್ಲ. ಅತಿ ಸುಲಭದ ದಾರಿ ಯಾವ್ದು?

7-ಜಿಪ್. ಜಿಪ್ ಫೈಲ್ ತೆರೆಯೋಕೆ ಅಂತ ಎಲ್ಲರೂ ಇಟ್ಕೊಂಡಿರ್ತಾರಲ್ಲ ಅದೇ. ಅದರ ಹೊಸ ವರ್ಶನ್ ಹಾಕ್ಕೊಳ್ಳಿ, ಡಿಸ್ಕ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ಆರ್ಕೈವ್ ಕೊಡಿ. ವಿಡಿಐ, ವಿಎಂಡಿಕೆ, ವಿಹೆಚ್‌ಡಿ, ವಿಹೆಚ್‌ಡಿಎಕ್ಸ್, ಕ್ಯೂಕೌ2 ಎಲ್ಲಾ ತೆರೀತದೆ, ಒಳಗೆ ಎನ್‌ಟಿಎಫ್‌ಎಸ್ ಇದ್ರೂ ಓದತ್ತೆ, ಲಿನಕ್ಸ್‌ನ ಇಎಕ್ಸ್‌ಟಿ4 ಇದ್ರೂ ಓದತ್ತೆ. ಪಾರ್ಟಿಶನ್‌ಗಳು 0, 1, 2 ಅಂತ ಸಾಲಾಗಿ ಕಾಣತ್ವೆ, ದೊಡ್ಡದನ್ನ ತೆರೆದು ಬೇಕಾದ ಫೋಲ್ಡರ್ ಹೊರಗೆ ಎಳೆದ್ಕೊಳ್ಳಿ. ಅದು ಡಿಸ್ಕಿಗೆ ಏನೂ ಬರೆಯಲ್ಲ, ಬರೀ ಓದತ್ತೆ, ಅದಕ್ಕೇ ನಂಗೆ ಇಷ್ಟ.

ನಮ್ಮ ಸೋದರಮಾವಂದು ಊರಲ್ಲಿ ಪ್ರಿಂಟಿಂಗ್ ಪ್ರೆಸ್. ಪೇಜ್‌ಮೇಕರೂ ನುಡಿ ಫಾಂಟೂ ಇರೋ ಹಳೇ ಎಕ್ಸ್‌ಪಿ ಸಿಸ್ಟಂ ಸತ್ತುಹೋದಾಗ ಅದನ್ನ ಪೂರ್ತಿ ಒಂದು ವಿಎಂ ಮಾಡಿ ಹೊಸ ಕಂಪ್ಯೂಟರಲ್ಲಿ ಇಟ್ಕೊಟ್ಟಿದ್ದೆ, ಹಳೇ ಗಿರಾಕಿಗಳ ಕೆಲಸ ಎಲ್ಲಾ ಅದ್ರಲ್ಲೇ. ಮದುವೆ ಸೀಸನ್ ಮಧ್ಯೆ ಒಂದಿನ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು, ಆಮೇಲೆ ವಿಎಂ ಏಳಲೇ ಇಲ್ಲ. ಫೋನ್ ಮಾಡಿ ‘ಏನೋ ಮಾರಾಯ, ಹದಿನೈದು ವರ್ಷದ್ದು ಅದ್ರಲ್ಲೇ ಇದ್ಯಲ್ಲೋ’ ಅಂದ್ರು, ದನಿ ನಡುಗ್ತಿತ್ತು. ಹೋಗಿ ಮೊದಲು ಕಾಪಿ ತೆಗೆದು 7-ಜಿಪ್‌ನಲ್ಲಿ ತೆರೆದಾಗ ಡಿ ಪಾರ್ಟಿಶನ್ ಒಳಗೆ ಲಗ್ನಪತ್ರಿಕೆ, ಬಿಲ್ ಬುಕ್, ದೇವಸ್ಥಾನದ ಕರಪತ್ರ ಅಂತ ಅವರು ಹೆಸರಿಟ್ಟಿದ್ದ ಫೋಲ್ಡರ್‌ಗಳು ಒಂದೊಂದೇ ಸಾಲಾಗಿ ಬಂದ್ವು. ಮಾವ ಕನ್ನಡಕ ತೆಗೆದು ಒರೆಸ್ಕೊಂಡು ಮತ್ತೆ ಹಾಕ್ಕೊಂಡು ಸ್ಕ್ರೀನ್ ಹತ್ರ ಬಗ್ಗಿ ಒಂದೊಂದೇ ಹೆಸರು ಓದಿದ್ರು. ವಿಎಂ ಆಮೇಲೂ ಬೂಟ್ ಆಗ್ಲಿಲ್ಲ, ಅದು ಬೇಕಾಗೂ ಇರ್ಲಿಲ್ಲ.

ಪ್ರಶ್ನೆ: ಹೈಪರ್-ವಿ ಡಿಸ್ಕ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ತೆರೆಯತ್ತೆ ಅಂತಾರೆ, ಹೌದಾ?

ಹೌದು, ವಿಂಡೋಸ್ 8ರಿಂದ ಈಚೆಗೆ ವಿಹೆಚ್‌ಡಿ, ವಿಹೆಚ್‌ಡಿಎಕ್ಸ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಹೊಸ ಡ್ರೈವ್ ಆಗಿ ಬರತ್ತೆ. ಆದ್ರೆ ಅದು ಬರೆಯೋಕೂ ತೆರೆದಿರತ್ತೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಆ್ಯಕ್ಷನ್ ಮೆನುವಿನಲ್ಲಿ ಅಟ್ಯಾಚ್ ವಿಹೆಚ್‌ಡಿ ಕೊಟ್ಟು ರೀಡ್ ಓನ್ಲಿ ಟಿಕ್ ಹಾಕಿ, ಅದು ವಾಸಿ. ಚೆಕ್‌ಪಾಯಿಂಟ್ (ಹೈಪರ್-ವಿಯಲ್ಲಿ ಸ್ನ್ಯಾಪ್‌ಶಾಟ್‌ಗೆ ಇರೋ ಹೆಸರು) ಇದ್ರೆ, ಅಂದ್ರೆ ಪಕ್ಕದಲ್ಲಿ ಎವಿಹೆಚ್‌ಡಿಎಕ್ಸ್ ಫೈಲ್ ಇದ್ರೆ, ಮೂಲ ಡಿಸ್ಕಿನ ಮೇಲೆ ಡಬಲ್ ಕ್ಲಿಕ್ ಮಾಡಲೇಬೇಡಿ, ಒಂದು ಸಣ್ಣ ಬದಲಾವಣೆ ಆದ್ರೂ ಆ ಎರಡು ಫೈಲುಗಳ ನಡುವಿನ ಸರಪಳಿ ಮುರಿಯತ್ತೆ.

ಒಳಗೆ ಲಿನಕ್ಸ್ ಇದ್ರೆ ವಿಂಡೋಸ್‌ಗೆ ಅದು ಅರ್ಥ ಆಗಲ್ಲ, ‘ಈ ಡಿಸ್ಕನ್ನ ಫಾರ್ಮ್ಯಾಟ್ ಮಾಡ್ಬೇಕು’ ಅಂತ ಒಂದು ಡಬ್ಬಿ ಬರತ್ತೆ. ಕ್ಯಾನ್ಸಲ್ ಒತ್ತಿ. ಇನಿಶಿಯಲೈಸ್ ಮಾಡ್ಲಾ ಅಂತ ಕೇಳಿದ್ರೂ ಕ್ಯಾನ್ಸಲ್.

ಪ್ರಶ್ನೆ: 7-ಜಿಪ್‌ನಲ್ಲಿ ತೆರೀಲಿಲ್ಲ. ಮುಂದೆ?

ಲೈವ್ ಐಎಸ್ಓ ಹಾಕಿ, ಅಂದ್ರೆ ಇನ್‌ಸ್ಟಾಲ್ ಮಾಡದೇ ನೇರವಾಗಿ ಓಡೋ ಓಎಸ್ ಇರೋ ಸಿಡಿಯ ಫೈಲು. ಅದೇ ವಿಎಂ ಸೆಟ್ಟಿಂಗ್‌ನಲ್ಲಿ ಸಿಡಿ ಡ್ರೈವ್‌ಗೆ ಉಬುಂಟು ಡೆಸ್ಕ್‌ಟಾಪ್ ಅಥವಾ ಸಿಸ್ಟಂರೆಸ್ಕ್ಯೂ ಐಎಸ್ಓ ಕೊಟ್ಟು, ವರ್ಚುವಲ್‌ಬಾಕ್ಸ್ ಆದ್ರೆ ಶುರುವಿನಲ್ಲೇ ಎಫ್12, ವಿಎಂವೇರ್ ಆದ್ರೆ ಎಸ್ಕೇಪ್ ಒತ್ತಿ ಸಿಡಿಯಿಂದ ಬೂಟ್ ಮಾಡಿ. ಉಬುಂಟು ‘ಟ್ರೈ’ ಮತ್ತೆ ‘ಇನ್‌ಸ್ಟಾಲ್’ ಅಂತ ಎರಡು ಕೇಳತ್ತೆ, ಟ್ರೈ ಅನ್ನೇ ಒತ್ತಿ. ಫೈಲ್ ಮ್ಯಾನೇಜರ್‌ನಲ್ಲಿ ಹಳೇ ಡಿಸ್ಕ್ ಎಡಗಡೆ ಕಾಣತ್ತೆ.

ಹೊರಗೆ ತರೋದು ಹೇಗೆ ಅನ್ನೋದೇ ಎಲ್ಲರೂ ಸಿಕ್ಕಿಹಾಕ್ಕೊಳ್ಳೋ ಜಾಗ. ನಾನು ಮಾಡೋದು ಹೀಗೆ: ವಿಎಂಗೆ ಎರಡನೇ ಹೊಸ ಡಿಸ್ಕ್ ಸೇರಿಸ್ತೀನಿ, ವಿಹೆಚ್‌ಡಿ ಫಾರ್ಮ್ಯಾಟಲ್ಲಿ ಫಿಕ್ಸೆಡ್ ಸೈಜಲ್ಲಿ, ಲೈವ್ ಉಬುಂಟು ಒಳಗೆ ಅದರಲ್ಲಿ ಒಂದು ಎನ್‌ಟಿಎಫ್‌ಎಸ್ ಪಾರ್ಟಿಶನ್ ಮಾಡಿ ಫೈಲೆಲ್ಲ ಅದಕ್ಕೆ ಕಾಪಿ ಮಾಡಿ ಶಟ್‌ಡೌನ್ ಮಾಡ್ತೀನಿ, ಆಮೇಲೆ ಹೊರಗೆ ವಿಂಡೋಸಲ್ಲಿ ಆ ಹೊಸ ವಿಹೆಚ್‌ಡಿ ಮೇಲೆ ಡಬಲ್ ಕ್ಲಿಕ್, ಎಲ್ಲಾ ಫೈಲ್ ಅಲ್ಲೇ. ಪಾರ್ಟಿಶನ್ ಮಾಡುವಾಗ ಹಳೇ ಡಿಸ್ಕ್ ಯಾವ್ದು ಹೊಸದ್ಯಾವ್ದು ಅಂತ ಸೈಜ್ ನೋಡಿ ಎರಡು ಸಲ ಖಾತ್ರಿ ಮಾಡ್ಕೊಳ್ಳಿ, ಎರಡಕ್ಕೂ ಒಂದೇ ಸೈಜ್ ಕೊಡ್ಬೇಡಿ. ಪೆನ್‌ಡ್ರೈವನ್ನ ಯುಎಸ್‌ಬಿ ಮೆನುವಿನಿಂದ ವಿಎಂಗೆ ಕೊಟ್ರೂ ಆಗತ್ತೆ, ಸ್ವಲ್ಪ ನಿಧಾನ.

ವಿಂಡೋಸ್ ಪಾರ್ಟಿಶನ್ ಓದೋಕೆ ಮಾತ್ರ ಬಿಡ್ತಿದೆ, ಹೈಬರ್ನೇಟ್ ಆಗಿದೆ ಅಂತಿದೆ ಅಂದ್ರೆ ಹಾಗೇ ಇರ್ಲಿ, ನಿಮ್ಗೆ ಬೇಕಾಗಿರೋದೂ ಓದೋದಷ್ಟೇ.

ಪ್ರಶ್ನೆ: ಇನ್ನೊಂದು ಸರಿಯಾಗಿರೋ ವಿಎಂಗೆ ಈ ಡಿಸ್ಕನ್ನ ಎರಡನೇ ಡಿಸ್ಕ್ ಆಗಿ ಹಾಕ್ಬಹುದಾ?

ಧಾರಾಳವಾಗಿ. ವರ್ಚುವಲ್‌ಬಾಕ್ಸಲ್ಲಿ ಮಾತ್ರ ಕಾಪಿ ಡಿಸ್ಕ್ ಸೇರಿಸೋಕೆ ಹೋದ್ರೆ ಇದೇ ಯುಯುಐಡಿ (ಡಿಸ್ಕಿನ ಗುರುತಿನ ನಂಬರ್) ಇರೋ ಡಿಸ್ಕ್ ಆಗ್ಲೇ ಇದೆ ಅಂತ ತಡೆಯತ್ತೆ, ಯಾಕಂದ್ರೆ ಮೂಲದ್ದು ಅದರ ಲಿಸ್ಟಲ್ಲಿ ಇದೆ. ವಿಬಾಕ್ಸ್‌ಮ್ಯಾನೇಜ್ ಕಮಾಂಡಿನ ಸೆಟ್‌ಹೆಚ್‌ಡಿಯುಯುಐಡಿ ಅನ್ನೋದ್ರಿಂದ ಕಾಪಿಗೆ ಹೊಸ ನಂಬರ್ ಕೊಡ್ಬಹುದು. ಸ್ನ್ಯಾಪ್‌ಶಾಟ್ ಇರೋ ಡಿಸ್ಕಿಗೆ ಇದನ್ನ ಮಾಡ್ಬೇಡಿ, ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ಫೈಲ್ ಸಿಕ್ವು, ಆದ್ರೆ ಎಲ್ಲಾ ಎರಡು ವರ್ಷ ಹಳೇವು. ಹೊಸ ಕೆಲಸ ಎಲ್ಲಿ ಹೋಯ್ತು?

ಸ್ನ್ಯಾಪ್‌ಶಾಟ್ ಇತ್ತು ಅನ್ಸತ್ತೆ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಡೇಟಾ ಹೋಗೋದು ಜಾಸ್ತಿ ಇಲ್ಲೇ.

ಸ್ನ್ಯಾಪ್‌ಶಾಟ್ ತೆಗೆದ ಕ್ಷಣಕ್ಕೆ ಮೂಲ ಡಿಸ್ಕ್ ಫೈಲು ಅಲ್ಲಿಗೇ ನಿಂತುಹೋಗತ್ತೆ, ಆಮೇಲೆ ನೀವು ಬರೆದಿದ್ದೆಲ್ಲ ಹೊಸ ಒಂದು ಫೈಲಿಗೆ ಹೋಗತ್ತೆ. ಮತ್ತೊಂದು ಸ್ನ್ಯಾಪ್‌ಶಾಟ್ ತೆಗೆದ್ರೆ ಮತ್ತೊಂದು ಫೈಲು. ಲೆಕ್ಕದ ಪುಸ್ತಕ ಮುಗಿಸಿಟ್ಟು, ಇನ್ನು ಮುಂದಿನ ತಿದ್ದುಪಡಿ ಎಲ್ಲಾ ಬೇರೆ ಹಾಳೇಲಿ ಬರೀರಿ ಅಂದ ಹಾಗೆ, ಪುಸ್ತಕ ಒಂದನ್ನೇ ತೆರೆದ್ರೆ ಹಳೇದು ಕಾಣತ್ತೆ, ಹಾಳೆ ಒಂದನ್ನೇ ತೆರೆದ್ರೆ ತಲೆ ಬುಡ ಅರ್ಥ ಆಗಲ್ಲ, ಎರಡನ್ನೂ ಕ್ರಮವಾಗಿ ಇಟ್ಕೊಂಡು ಓದ್ಬೇಕು. ವರ್ಚುವಲ್‌ಬಾಕ್ಸಲ್ಲಿ ಈ ಹಾಳೆಗಳು ಸ್ನ್ಯಾಪ್‌ಶಾಟ್ಸ್ ಅನ್ನೋ ಫೋಲ್ಡರಲ್ಲಿ ಉದ್ದುದ್ದ ನಂಬರಿನ ಹೆಸರಲ್ಲಿ ಇರತ್ವೆ, ವಿಎಂವೇರಲ್ಲಿ ಹೆಸರಿನ ಕೊನೆಗೆ 000001, 000002 ಅಂತ ಇರತ್ವೆ. ಜಾಗ ತಿಂತಿದೆ ಅಂತ ಇವನ್ನ ಕೈಯಾರೆ ಡಿಲೀಟ್ ಮಾಡಿದವರಿದ್ದಾರೆ. ಮಾಡ್ಬೇಡಿ, ನಿಮ್ಮ ಇತ್ತೀಚಿನ ಕೆಲಸ ಎಲ್ಲಾ ಅಲ್ಲೇ ಇರೋದು.

ಸರಿಯಾದ ದಾರಿ ಅಂದ್ರೆ ಸರಪಳಿ ಗೊತ್ತಿರೋ ಸಾಫ್ಟ್‌ವೇರ್ ಕೈಲೇ ಒಂದು ಪೂರ್ತಿ ಡಿಸ್ಕ್ ಮಾಡಿಸೋದು. ವರ್ಚುವಲ್‌ಬಾಕ್ಸಲ್ಲಿ ವಿಬಾಕ್ಸ್‌ಮ್ಯಾನೇಜ್‌ನ ಕ್ಲೋನ್‌ಮೀಡಿಯಂ ಕಮಾಂಡನ್ನ ಕೊನೇ ಸ್ನ್ಯಾಪ್‌ಶಾಟ್ ಫೈಲಿನ ಮೇಲೆ ಓಡಿಸಿದ್ರೆ ಮೂಲದ್ದೂ ಎಲ್ಲಾ ಹಾಳೆಗಳೂ ಸೇರಿ ಹೊಸ ಒಂದೇ ವಿಡಿಐ ಆಗತ್ತೆ, ಹಳೇವು ಹಾಗೇ ಉಳಿಯತ್ವೆ. ಆ ಹೊಸದನ್ನ 7-ಜಿಪ್‌ನಲ್ಲಿ ತೆರೆಯಿರಿ. ಕ್ಯೂಎಮು ಟೂಲ್‌ಗಳಿಗೆ ವರ್ಚುವಲ್‌ಬಾಕ್ಸ್‌ನ ಸ್ನ್ಯಾಪ್‌ಶಾಟ್ ವಿಡಿಐ ಓದೋಕೆ ಬರಲ್ಲ, ಅಲ್ಲಿ ಹೊತ್ತು ಕಳೀಬೇಡಿ.

ವಿಎಂವೇರಲ್ಲಿ ‘ಪೇರೆಂಟ್ ಡಿಸ್ಕ್ ಬದಲಾಗಿದೆ’ ಅಂತ ಎರರ್ ಬಂದ್ರೆ: ಪ್ರತಿ ವಿಎಂಡಿಕೆಗೂ ಒಂದು ಸಿಐಡಿ ನಂಬರ್ ಇರತ್ತೆ, ಮಗುವಿನ ಫೈಲಲ್ಲಿ, ಅಂದ್ರೆ ಸ್ನ್ಯಾಪ್‌ಶಾಟಿನ ಹಾಳೆಯಲ್ಲಿ, ತನ್ನ ಪೇರೆಂಟ್ ಸಿಐಡಿ ಇಂಥದ್ದು ಅಂತ ಬರೆದಿರತ್ತೆ, ಎರಡೂ ತಾಳೆ ಆಗ್ಬೇಕು. ಯಾರೋ ಮೂಲ ಡಿಸ್ಕನ್ನ ಸುಮ್ನೆ ಒಂದ್ಸಲ ಬರೆಯೋ ತರ ತೆರೆದಿದ್ರೆ ಮೂಲದ ಸಿಐಡಿ ಬದಲಾಗಿರತ್ತೆ. ಈ ನಂಬರ್ ಎಲ್ಲಾ ಬರೆದಿರೋ ಡಿಸ್ಕ್ರಿಪ್ಟರ್ ಬೇರೆ ಸಣ್ಣ ಫೈಲಾಗಿದ್ರೆ ಅದನ್ನ ಕಾಪಿಯಲ್ಲಿ ನೋಟ್‌ಪ್ಯಾಡಲ್ಲಿ ತೆರೆದು, ಮಗುವಿನಲ್ಲಿರೋ ಪೇರೆಂಟ್ ಸಿಐಡಿಯನ್ನ ಮೂಲದ ಸಿಐಡಿಗೆ ಸಮ ಮಾಡಿದ್ರೆ ತೆರೆಯತ್ತೆ. ಮೂಲಕ್ಕೆ ನಿಜವಾಗ್ಲೂ ತುಂಬಾ ಬರೆದಿದ್ರೆ ಕೆಲವು ಫೈಲ್ ಹಾಳಾಗಿರತ್ವೆ, ಆದ್ರೂ ಬಹಳಷ್ಟು ಸಿಗತ್ತೆ.

ಪ್ರಶ್ನೆ: ನನ್ನ ಹೋಸ್ಟೇ ಲಿನಕ್ಸ್. ನೇರವಾಗಿ ಮೌಂಟ್ ಮಾಡ್ಬಹುದಾ?

ನಿಮ್ಗೆ ಎಲ್ಲರಿಗಿಂತ ಸುಲಭ. ಲಿಬ್‌ಗೆಸ್ಟ್‌ಎಫ್‌ಎಸ್ ಹಾಕ್ಕೊಳ್ಳಿ, ಅದರ ಗೆಸ್ಟ್‌ಫಿಶ್ ಅನ್ನ ರೀಡ್ ಓನ್ಲಿ ಆಪ್ಷನ್ ಕೊಟ್ಟು ತೆರೆದ್ರೆ ಒಳಗಿನ ಓಎಸ್ ಯಾವ್ದು ಅಂತ ತಾನೇ ಕಂಡುಹಿಡಿದು ಎಲ್‌ವಿಎಂ ಇದ್ರೂ ಸೇರಿಸಿ ಮೌಂಟ್ ಮಾಡ್ಕೊಡತ್ತೆ, ವರ್ಟ್-ಕಾಪಿ-ಔಟ್‌ನಿಂದ ಫೋಲ್ಡರ್ ಹೊರಗೆ ತಗೋಬಹುದು. ಇನ್ನೊಂದು ದಾರಿ ಕ್ಯೂಎಮು-ಎನ್‌ಬಿಡಿ: ಎನ್‌ಬಿಡಿ ಮಾಡ್ಯೂಲ್ ಲೋಡ್ ಮಾಡಿ, ಡಿಸ್ಕನ್ನ ರೀಡ್ ಓನ್ಲಿಯಾಗಿ ಕನೆಕ್ಟ್ ಮಾಡಿದ್ರೆ ಮಾಮೂಲಿ ಡಿಸ್ಕ್ ತರ ಪಾರ್ಟಿಶನ್‌ಗಳು ಬರತ್ವೆ. ಇಎಕ್ಸ್‌ಟಿ4 ಜರ್ನಲ್ ಕೊಳೆಯಾಗಿದೆ ಅಂತ ಮೌಂಟ್ ಆಗ್ಲಿಲ್ಲ ಅಂದ್ರೆ ಆರ್‌ಓ ಜೊತೆ ನೋಲೋಡ್ ಕೊಡಿ, ಎಕ್ಸ್‌ಎಫ್‌ಎಸ್ ಆದ್ರೆ ನೋರಿಕವರಿ, ಹೋಸ್ಟಲ್ಲೂ ಅದೇ ಯುಯುಐಡಿ ಇದ್ರೆ ನೋಯುಯುಐಡಿ. ಕೆಲಸ ಆದ್ಮೇಲೆ ಅನ್‌ಮೌಂಟ್ ಮಾಡಿ ಡಿಸ್‌ಕನೆಕ್ಟ್ ಮಾಡೋದು ಮರೀಬೇಡಿ.

ಪ್ರಶ್ನೆ: ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ?

ಬಿಟ್‌ಲಾಕರ್ ಇದ್ರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ವಿಂಡೋಸ್ 11 ವಿಎಂ ಮಾಡಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿದ್ರೆ ನಿಮ್ಗೆ ಗೊತ್ತಿಲ್ದೇನೇ ಆನ್ ಆಗಿರ್ಬಹುದು, ಆಗ ಕೀ ಆ ಅಕೌಂಟಿನ ಡಿವೈಸಸ್ ಪುಟದಲ್ಲಿರತ್ತೆ. ಕೀ ಸಿಕ್ಕಿದ್ರೆ ಇನ್ನೊಂದು ವಿಂಡೋಸ್ ವಿಎಂಗೆ ಎರಡನೇ ಡಿಸ್ಕ್ ಆಗಿ ಹಾಕಿ, ಕೀ ಕೇಳತ್ತೆ, ಕೊಡಿ, ತೆರೆಯತ್ತೆ. ಲಿನಕ್ಸ್‌ನ ಎನ್‌ಕ್ರಿಪ್ಶನ್ ಆದ ಲಕ್ಸ್ ಇದ್ರೆ, ಪಾಸ್‌ವರ್ಡ್ ಗೊತ್ತಿದ್ರೆ ಕ್ರಿಪ್ಟ್‌ಸೆಟಪ್‌ನಿಂದ ತೆರೀಬಹುದು. ವರ್ಚುವಲ್‌ಬಾಕ್ಸ್ 7ರಿಂದ ವಿಎಂಗೆ ಟಿಪಿಎಂ (ಎನ್‌ಕ್ರಿಪ್ಶನ್ ಕೀ ಕಾಯೋ ಚಿಪ್) ಕೊಡ್ಬಹುದು, ಅದರ ವಿವರ ಎನ್‌ವಿರ‍್ಯಾಮ್ ಫೈಲಲ್ಲಿ ಕೂತಿರತ್ತೆ, ಮೊದಲಿಗೇ ಪೂರ್ತಿ ಫೋಲ್ಡರ್ ಕಾಪಿ ಮಾಡಿ ಅಂದಿದ್ದು ಇದಕ್ಕೂ ಸೇರಿ. ಕೀನೂ ಇಲ್ಲ ಪಾಸ್‌ವರ್ಡೂ ಇಲ್ಲ ಅಂದ್ರೆ ಆಗಲ್ಲ, ತೆಗೆದ್ಕೊಡ್ತೀನಿ ಅಂತ ದುಡ್ಡು ಕೇಳೋರನ್ನ ನಂಬ್ಬೇಡಿ.

ಪ್ರಶ್ನೆ: ಡಬ್ಲ್ಯೂಎಸ್ಎಲ್ ಉಬುಂಟು ತೆರೀತಿಲ್ಲ. ಅದೂ ವಿಎಂ ಆ?

ಡಬ್ಲ್ಯೂಎಸ್ಎಲ್ 2 ಹೌದು. ಅದರ ಡಿಸ್ಕು ಇಎಕ್ಸ್‌ಟಿ4 ಡಾಟ್ ವಿಹೆಚ್‌ಡಿಎಕ್ಸ್ ಅನ್ನೋ ಒಂದೇ ಫೈಲು, ಆ್ಯಪ್‌ಡೇಟಾ ಫೋಲ್ಡರ್ ಒಳಗೆಲ್ಲೋ ಇರತ್ತೆ, ಹೆಸರು ಕೊಟ್ಟು ಹುಡುಕಿ. ಮೊದಲು ಡಬ್ಲ್ಯೂಎಸ್ಎಲ್ ಶಟ್‌ಡೌನ್ ಮಾಡಿ, ಕಾಪಿ ತೆಗೀರಿ, 7-ಜಿಪ್‌ನಲ್ಲಿ ತೆರೆದು ಹೋಮ್ ಫೋಲ್ಡರ್ ಎಳೆದ್ಕೊಳ್ಳಿ. ‘ಅನ್‌ರಿಜಿಸ್ಟರ್ ಮಾಡಿ ಮತ್ತೆ ಹಾಕ್ಕೊಳ್ಳಿ’ ಅಂತ ಎಲ್ಲಾ ಕಡೆ ಸಲಹೆ ಕೊಡ್ತಾರೆ, ಅನ್‌ರಿಜಿಸ್ಟರ್ ಅಂದ್ರೆ ಆ ಡಿಸ್ಕೇ ಡಿಲೀಟ್, ಇದನ್ನ ಯಾರೂ ಜೋರಾಗಿ ಹೇಳಲ್ಲ ಅಂತ ನಂಗೆ ನಿಜಕ್ಕೂ ಸಿಟ್ಟು ಬರತ್ತೆ.

ಪ್ರಶ್ನೆ: ಅಮೆಜಾನ್ ಕ್ಲೌಡಲ್ಲಿರೋ ಮಷೀನ್ ಬೂಟ್ ಆಗ್ತಿಲ್ಲ.

ಅದೇ ಉಪಾಯ. ಸ್ಟಾಪ್ ಮಾಡಿ, ಟರ್ಮಿನೇಟ್ ಅಲ್ಲ, ಟರ್ಮಿನೇಟ್ ಕೊಟ್ರೆ ರೂಟ್ ಡಿಸ್ಕ್ ಸಾಮಾನ್ಯವಾಗಿ ಜೊತೇಲೇ ಹೋಗತ್ತೆ. ವಾಲ್ಯೂಮಿನ ಸ್ನ್ಯಾಪ್‌ಶಾಟ್ ತೆಗೆದು, ಆ ವಾಲ್ಯೂಮ್ ಬಿಚ್ಚಿ, ಅದೇ ಅವೈಲಬಿಲಿಟಿ ಝೋನಲ್ಲಿರೋ ಇನ್ನೊಂದು ಮಷೀನಿಗೆ ಎರಡನೇ ಡಿಸ್ಕ್ ಆಗಿ ಹಾಕಿ ಮೌಂಟ್ ಮಾಡಿ.

ಪ್ರಶ್ನೆ: ಪಾರ್ಟಿಶನ್ನೇ ಕಾಣ್ತಿಲ್ಲ, ಡಿಸ್ಕ್ ಖಾಲಿ ಅಂತ ತೋರಿಸ್ತಿದೆ.

ಕಾಪಿಯನ್ನ ಕ್ಯೂಎಮು-ಇಮೇಜ್ ಟೂಲಿಂದ ರಾ ಫಾರ್ಮ್ಯಾಟಿಗೆ ಕನ್ವರ್ಟ್ ಮಾಡಿ ಟೆಸ್ಟ್‌ಡಿಸ್ಕ್ ಓಡಿಸಿ, ಕಳೆದ ಪಾರ್ಟಿಶನ್ ಹುಡುಕಿ ಒಳಗಿನ ಫೈಲ್ ಲಿಸ್ಟ್ ತೋರಿಸಿ ಕಾಪಿ ಮಾಡೋಕೂ ಬಿಡತ್ತೆ. ಅದೂ ಆಗ್ಲಿಲ್ಲ ಅಂದ್ರೆ ಅದರ ಜೋಡಿ ಫೋಟೋರೆಕ್, ಹೆಸರು ಫೋಟೋ ಅಂತಿದ್ರೂ ಡಾಕ್ಯುಮೆಂಟ್, ಪಿಡಿಎಫ್ ಎಲ್ಲಾ ಹೆಕ್ಕತ್ತೆ, ಆದ್ರೆ ಫೈಲ್ ಹೆಸರು, ಫೋಲ್ಡರ್ ಸಿಗಲ್ಲ, ಸಾವಿರಾರು ನಂಬರ್ ಫೈಲಲ್ಲಿ ನಿಮ್ದು ಯಾವ್ದು ಅಂತ ನೀವೇ ಹುಡುಕ್ಬೇಕು.

ಹೋಸ್ಟಿನ ಹಾರ್ಡ್ ಡಿಸ್ಕೇ ಕಟ ಕಟ ಅಂತಿದ್ರೆ, ಕಾಪಿ ಮಧ್ಯದಲ್ಲೇ ನಿಂತ್ರೆ, ಮೇಲಿನ ಯಾವುದನ್ನೂ ಮಾಡ್ಬೇಡಿ. ಮೊದಲು ಡಿಡಿರೆಸ್ಕ್ಯೂನಿಂದ ಓದೋಕಾದಷ್ಟನ್ನ ಬೇರೆ ಡಿಸ್ಕಿಗೆ ಇಳಿಸ್ಕೊಳ್ಳಿ, ಮ್ಯಾಪ್ ಫೈಲ್ ಕೊಟ್ಟು ಓಡಿಸಿದ್ರೆ ನಿಂತಲ್ಲಿಂದ ಮುಂದುವರಿಸ್ಬಹುದು. ಡೇಟಾ ಬಹಳ ಬೆಲೆಬಾಳೋದಾದ್ರೆ ಆ ಸದ್ದು ಕೇಳಿದ ತಕ್ಷಣ ಆಫ್ ಮಾಡಿ ರಿಕವರಿ ಮಾಡೋರ ಹತ್ರ ತಗೊಂಡ್ಹೋಗಿ.

ಪ್ರಶ್ನೆ: ಯಾವ್ಯಾವ ಫೈಲ್ ತಗೋಬೇಕು ಅಂತಾನೇ ಗೊತ್ತಾಗ್ತಿಲ್ಲ.

ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎಲ್ಲರಿಗೂ ನೆನಪಾಗತ್ತೆ. ಮರೆಯೋದು ಇವು: ಎಕ್ಸ್‌ಪಿ ಆದ್ರೆ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಒಳಗೆ ಎಲ್ಲಾ ಯೂಸರ್‌ಗಳ ಫೋಲ್ಡರೂ, ಔಟ್‌ಲುಕ್ ಇಮೇಲ್ ಪಿಎಸ್‌ಟಿ ಅಲ್ಲೇ ಹಿಡನ್ ಫೋಲ್ಡರಲ್ಲಿ ಅಡಗಿರತ್ತೆ. ಟ್ಯಾಲಿ ಆದ್ರೆ ಡೇಟಾ ಫೋಲ್ಡರ್ ಒಳಗೆ 10000, 10001 ಅಂತ ನಂಬರಿನ ಫೋಲ್ಡರ್‌ಗಳು, ಒಂದೊಂದು ನಂಬರೂ ಒಂದೊಂದು ಕಂಪನಿ, ಫೋಲ್ಡರ್ ಪೂರ್ತಿ ತಗೊಳ್ಳಿ. ಮೈಎಸ್‌ಕ್ಯೂಎಲ್ ಆದ್ರೆ ವಾರ್ ಲಿಬ್ ಒಳಗಿನ ಪೂರ್ತಿ ಮೈಎಸ್‌ಕ್ಯೂಎಲ್ ಫೋಲ್ಡರ್, ನಿಮ್ಮ ಡೇಟಾಬೇಸ್ ಹೆಸರಿನ ಫೋಲ್ಡರ್ ಒಂದೇ ತಂದ್ರೆ ತೆರೆಯಲ್ಲ, ಪಕ್ಕದಲ್ಲಿರೋ ಐಬಿಡೇಟಾ1 ಇತ್ಯಾದಿನೂ ಬೇಕು, ತೆರೆಯೋವಾಗ ಅದೇ ವರ್ಶನ್ ಹಾಕಿ. ಪೋಸ್ಟ್‌ಗ್ರೆಸ್‌ಗೂ ಅದೇ ಮೇಜರ್ ವರ್ಶನ್ ಬೇಕು. ಎಕ್ಸ್‌ಪ್ಲೋರರಲ್ಲಿ ಹಸಿರು ಬಣ್ಣದಲ್ಲಿ ಕಾಣ್ತಿದ್ದ ಫೈಲ್‌ಗಳು ಇದ್ವಾ ಅಂತ ನೆನಪು ಮಾಡ್ಕೊಳ್ಳಿ, ಅವು ಇಎಫ್‌ಎಸ್ ಎನ್‌ಕ್ರಿಪ್ಟ್ ಆದವು, ಆ ಯೂಸರ್‌ನ ಸರ್ಟಿಫಿಕೇಟ್ ಇಲ್ದೆ ತೆರೆಯಲ್ಲ.

ಪ್ರೆಸ್ಸಿನವರು, ಡಿಟಿಪಿ ಮಾಡೋರು ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿ ತಗೊಳ್ಳಲೇಬೇಕು. ಯಾಕೆ ಅಂತ ಮುಂದೆ ಹೇಳ್ತೀನಿ.

ಪ್ರಶ್ನೆ: ಫೈಲ್ ತೆರೆದೆ, ಕನ್ನಡ ಇದ್ದ ಕಡೆ ಏನೇನೋ ಇಂಗ್ಲಿಷ್ ಗೀಚಿದ ಹಾಗಿದೆ. ಹಾಳಾಗಿದ್ಯಾ?

ಹಾಳಾಗಿಲ್ಲ, ದಯವಿಟ್ಟು ಡಿಲೀಟ್ ಮಾಡ್ಬೇಡಿ. ಹಳೇ ನುಡಿ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್ ಪಾಲಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸಿಟ್ಟಿದ್ರು ಅಷ್ಟೇ. ಫಾಂಟ್ ಇಲ್ಲ ಅಂದ್ರೆ ‘ಕನ್ನಡ’ ಅನ್ನೋ ಪದ ದೊಡ್ಡ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ದುಡ್ಡಿನ ಗುರುತು, ಮತ್ತೆ ಅದೇ ಎ ಅಂತ ಶುರುವಾಗತ್ತೆ. ಮಾವನ ಪ್ರೆಸ್ಸಲ್ಲಿ ಮೊದಲ ಲಗ್ನಪತ್ರಿಕೆ ತೆರೆದಾಗ ಸಾಲು ಪೂರ್ತಿ ಪೌಂಡ್ ಗುರುತುಗಳೇ, ಅವರು ‘ಹೋಯ್ತು ಬಿಡು’ ಅಂತ ಕುರ್ಚಿಗೆ ಒರಗಿಬಿಟ್ರು. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟ್‌ಗಳನ್ನ ತಂದು ಹಾಕಿ ಫೈಲ್ ಮತ್ತೆ ತೆರೆದ್ರೆ ‘ಶ್ರೀ ಗಣೇಶಾಯ ನಮಃ’ ಅಂತ ಮೇಲ್ಗಡೆ ಸಾಲು ಹಾಗ್ಹಾಗೇ ಬಂತು. ಅದಕ್ಕೇ ಬೇರೆ ಕಡೆಯಿಂದ ಅದೇ ಹೆಸರಿನ ಫಾಂಟ್ ಹುಡುಕೋ ಬದ್ಲು ಅದೇ ಡಿಸ್ಕಿಂದ ತಗೊಳ್ಳಿ ಅಂತೀನಿ, ಪತ್ರಿಕೆಗಳಿಗೆ ಹಾಕಿದ್ದ ಅಲಂಕಾರದ ಫಾಂಟ್‌ಗಳೂ ಅಲ್ಲೇ ಇರತ್ವೆ. ಮುಂದಕ್ಕೆ ಯೂನಿಕೋಡ್ ಮಾಡ್ಕೋಬೇಕು ಅಂದ್ರೆ ಕನ್ವರ್ಟರ್‌ಗಳಿವೆ, ಒತ್ತಕ್ಷರ ಒಂದ್ಸಲ ಕಣ್ಣಾಡಿಸಿ ನೋಡ್ಬೇಕಷ್ಟೇ.

ಪ್ರಶ್ನೆ: ಎಲ್ಲಾ ಸಿಕ್ತು. ಹಳೇ ಡಿಸ್ಕ್ ಫೈಲ್ ಇನ್ನು ಡಿಲೀಟ್ ಮಾಡ್ಬಹುದಾ?

ಇವತ್ತು ಬೇಡ. ಹೊರಗೆ ತಂದಿದ್ದನ್ನ ನಿಜವಾಗ್ಲೂ ತೆರೆದು ನೋಡಿ, ಸೈಜ್ ಇದೆ ಅಂದ ಮಾತ್ರಕ್ಕೆ ಒಳಗೆ ಸರಿ ಇದೆ ಅಂತಲ್ಲ. ಟ್ಯಾಲಿ ಆದ್ರೆ ಕಂಪನಿ ಲೋಡ್ ಮಾಡಿ ಕೊನೇ ದಿನದ ವೋಚರ್ ನೋಡಿ, ಡೇಟಾಬೇಸ್ ಆದ್ರೆ ಡಂಪ್ ತೆಗೆದು ನೋಡಿ. ಆಮೇಲೂ ಮೂಲವನ್ನ ಒಂದು ಎಕ್ಸ್‌ಟರ್ನಲ್ ಡ್ರೈವಲ್ಲಿ ಕೆಲವು ತಿಂಗಳು ಇಟ್ಟಿರಿ. ಮಾವನ ಕೆಲಸ ಮುಗೀತು ಅಂತ ಬಂದು ಮೂರು ವಾರ ಆಗಿತ್ತು, ಜಾತ್ರೆಯ ಪಾಂಪ್ಲೆಟ್‌ಗೆ ಹಾಕ್ತಿದ್ದ ರಥದ ಬಾರ್ಡರ್ ಸಿಗ್ತಿಲ್ಲ ಅಂತ ಫೋನ್ ಬಂತು. ಹಿಂದೆ ಕೆಲಸಕ್ಕಿದ್ದ ಹುಡುಗ ಬೇರೆ ಯೂಸರ್ ಹೆಸರಲ್ಲಿ ಲಾಗಿನ್ ಆಗಿ ಅವನ ಡೆಸ್ಕ್‌ಟಾಪಲ್ಲಿ ಇಟ್ಟಿದ್ದ, ಆ ಫೋಲ್ಡರ್ ನಾನು ತೆರೆದೇ ನೋಡಿರ್ಲಿಲ್ಲ. ಡ್ರೈವ್ ಬೀರುವಲ್ಲಿತ್ತು, ಮತ್ತೆ 7-ಜಿಪ್‌ನಲ್ಲಿ ತೆರೆದು ಐದು ನಿಮಿಷದಲ್ಲಿ ಕಳಿಸ್ಕೊಟ್ಟೆ.